ಹೋಳಿ ಮುರಿದ ಮನೆಯ ಘೀಯರ್

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಪ್ರೇಮದ ಕಥೆ ಹೇಳುವವರು ಬೇರೆಯೇ ಇರುತ್ತಾರೆ; ನಾನು ಟೈಪಿಂಗ್ ಕಲಿಸುವವಳು. ಹಗಲು ದುಡಿದು, ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದೆ. ವಾಕ್ಯವನ್ನು ತಪ್ಪಿಲ್ಲದೆ ಬರೆದೇನು, ಚಂದವಾಗಿ ಬರೆಯುವುದು ಗೊತ್ತಿಲ್ಲ. ಮೇಲಾಗಿ ಇದರಲ್ಲಿ ಅಮ್ಮನ ವಿಷಯವೂ ಬರುತ್ತದೆ. ಅವಳು ಈಗಿಲ್ಲ. ಇದ್ದಿದ್ದರೆ ಬರೆಯಲು ಬಿಡುತ್ತಿರಲಿಲ್ಲ. ಆದರೂ ಬರೆಯುತ್ತಿದ್ದೇನೆ, ತಪ್ಪಿದ್ದರೆ ಅದು ನನ್ನದು.

ಉಲ್ಲಾಸನಗರದ ನಾಲ್ಕನೇ ಕ್ಯಾಂಪಿನಲ್ಲಿ, ದೇಶ ಒಡೆದಾಗ ಆಚೆಯಿಂದ ಬಂದ ನಮ್ಮವರಿಗೆ ಕೊಟ್ಟ ಬ್ಯಾರಕ್ಕಿನಲ್ಲಿ, ನಮ್ಮದೊಂದು ಕೋಣೆ. ಅಮ್ಮ ಮತ್ತು ನಾನು, ಇಬ್ಬರೇ. ನನಗೆ ಇಪ್ಪತ್ತೊಂದಾಗಿದ್ದ ವರ್ಷ, ಹೋಳಿಯ ಬೆಳಿಗ್ಗೆ, ಯಾರೋ ಬಾಗಿಲು ಬಡಿದರು. ತೆರೆದರೆ ಎತ್ತರದ ಹುಡುಗನೊಬ್ಬ ನಿಂತಿದ್ದ. ಅಂಗಿಯ ತುಂಬ ಗುಲಾಬಿ ಬಣ್ಣ, ಒಂದು ಕಿವಿ ಮಾತ್ರ ಹಸಿರು. ಎರಡೂ ಕೈಯಲ್ಲಿ ಹಿತ್ತಾಳೆಯ ತಟ್ಟೆ. ಮೇಲೆ ತೆಳು ಬಟ್ಟೆ. ಸಕ್ಕರೆ ಪಾಕ ಬಟ್ಟೆಗೆ ಅಂಟಿ, ತಟ್ಟೆಯಗಲದ ಜಿಲೇಬಿಯಂಥ ಘೀಯರ್‌ನ ಕಿತ್ತಳೆ ಸುತ್ತುಗಳು ಒಂದೊಂದಾಗಿ ಕಾಣುತ್ತಿದ್ದವು.

"ಮೀರಾ ಮನೆ ಇದೇ ಅಲ್ವಾ? ನಾನವಳ ಚಿಕ್ಕಪ್ಪನ ಮಗ. ತವರಿಂದ ಹೋಳಿ ಘೀಯರ್ ತಂದಿದ್ದೀನಿ" ಎನ್ನುತ್ತಲೇ ಅವನು ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟ.

ನನ್ನ ಬೆನ್ನ ಹಿಂದಿನಿಂದ ಅಮ್ಮ ಬಂದಳು. "ಒಳಗೆ ತರಬೇಡಪ್ಪ. ಹೊಸ್ತಿಲು ದಾಟಿಸಬೇಡ." ಅಷ್ಟು ಹೇಳಿ ಬಾಗಿಲು ಹಾಕಿಕೊಂಡಳು. ಗಾಬರಿಯಲ್ಲಿ ಹೊಸ್ತಿಲಾಚೆ ಇಳಿದಿದ್ದ ನಾನು ಹೊರಗೇ ಉಳಿದದ್ದನ್ನು ಅವಳು ಗಮನಿಸಿರಲಿಲ್ಲ.

"ನಾನೇನು ತಪ್ಪು ಮಾಡಿದೆ?" ಎಂದ ಅವನು.

"ನೀವೇನೂ ಮಾಡಿಲ್ಲ. ಮೀರಾ ಮನೆ ಆ ಕಡೆ ಮೂರನೇದು. ನಮ್ಮ ಮನೇಲಿ ಹೋಳಿ ಮುರಿದಿದೆ."

ಅವನಿಗೆ ಅರ್ಥವಾಯಿತು, ನಮ್ಮವರಲ್ಲಿ ಯಾರಿಗಾದರೂ ಆಗುತ್ತದೆ. ಹಬ್ಬದ ದಿನವೇ ಮನೆಯಲ್ಲಿ ಸಾವಾದರೆ ಆ ಮನೆಯ ಪಾಲಿಗೆ ಆ ಹಬ್ಬ ಮುರಿದಂತೆ. ಮತ್ತೆ ಆ ಹಬ್ಬಕ್ಕೆ ಬಾಣಲೆ ಏರಿಸುವಂತಿಲ್ಲ, ಸಿಹಿ ಕರಿಯುವಂತಿಲ್ಲ, ಬಣ್ಣ ಆಡುವಂತಿಲ್ಲ. ಮುಂದೆ ಯಾವತ್ತಾದರೂ ಅದೇ ಹಬ್ಬದ ದಿನ ಆ ಮನೆಯಲ್ಲಿ ಮಗು ಹುಟ್ಟಿದರೆ ಮುರಿದದ್ದು ಕೂಡುತ್ತದೆ. ನನ್ನ ಅಪ್ಪ ಹೋಳಿಯ ಬೆಳಿಗ್ಗೆ ತೀರಿಹೋದಾಗ ನನಗೆ ಹನ್ನೆರಡು.

"ಎಷ್ಟು ವರ್ಷ ಆಯ್ತು?"

"ಒಂಬತ್ತು."

"ಒಂಬತ್ತು ವರ್ಷದಿಂದ ಘೀಯರ್ ತಿಂದಿಲ್ವಾ?" ಅವನು ಕೇಳಿದ ರೀತಿಯಲ್ಲಿ ಕನಿಕರವಿರಲಿಲ್ಲ, ಬರೀ ಆಶ್ಚರ್ಯವಿತ್ತು. ಒಂಬತ್ತು ವರ್ಷದಿಂದ ಮೀಯಲಿಲ್ಲವೇ ಎಂದು ಕೇಳಿದ ಹಾಗೆ.

ನನಗೆ ಏನಾಯಿತೋ. ಬಟ್ಟೆ ಸರಿಸಿ, ಅಂಚಿನಲ್ಲಿ ಕೈಯಗಲದ ತುಂಡನ್ನು ಚಟ್ಟನೆ ಮುರಿದು ಬಾಯಿಗಿಟ್ಟುಕೊಂಡೆ. ಮೊದಲು ಗರಿ, ಆಮೇಲೆ ಸಿಹಿ, ಕೊನೆಗೆ ಹಿಟ್ಟಿನ ಸಣ್ಣ ಹುಳಿ. ಪಾಕ ನನ್ನ ಮಣಿಕಟ್ಟಿಗೆ ಇಳಿಯಿತು. ಅವನು ಆ ಹನಿಯನ್ನು ನೋಡಿದ, ತಕ್ಷಣ ಚರಂಡಿಯ ಕಡೆ ನೋಡಿದ, ಮತ್ತೆ ಹನಿಯನ್ನೇ ನೋಡಿದ. ಅವನು ನೋಡಿದ್ದು ನನಗೆ ತಿಳಿಯಿತು. ನನಗೆ ತಿಳಿದದ್ದು ಅವನಿಗೂ ತಿಳಿಯಿತು.

"ಅದು ಮೀರಾಳ ಅತ್ತೆಗೆ ಹೋಗೋ ಘೀಯರ್" ಎಂದ ಮೆಲ್ಲಗೆ. "ಅಂಚು ಮುರಿದಿದ್ರೆ ನಾನು ಏನು ಹೇಳ್ಲಿ?"

"ಇಲಿ ತಿಂತು ಅನ್ನಿ."

"ಇಲಿ ಹೆಸರೇನು?"

"ವಿಶ್ನಿ."

"ನಾನು ಖೂಬಚಂದ್. ಇಲಿಗಳು ಖೂಬು ಅಂದ್ರೂ ನಡೆಯತ್ತೆ."

ಮುಂದಿನ ತಿಂಗಳು ಅವನು ನಮ್ಮ ಟೈಪಿಂಗ್ ಕ್ಲಾಸಿಗೆ ಸೇರಿದ. ಅವನಿಗಿದ್ದದ್ದು ಬಟನ್ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಬಟನ್ನಿಗೂ ಟೈಪಿಂಗಿಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಎರಡು ವರ್ಷ ಒಂದೇ ಬೆರಳಿನಲ್ಲಿ ಕುಟ್ಟಿದ.

"ಹತ್ತು ಬೆರಳೂ ಬಳಸಿ" ಎನ್ನುತ್ತಿದ್ದೆ.

"ಉಳಿದ ಒಂಬತ್ತಕ್ಕೆ ನಾಚಿಕೆ, ಟೀಚರ್."

ನಾನು ಅವನ ಬೆರಳನ್ನು ಹಿಡಿದು ಸರಿಯಾದ ಕೀಲಿಯ ಮೇಲಿಡಬೇಕಿತ್ತು. ಎಲ್ಲರಿಗೂ ಹಾಗೆಯೇ ಕಲಿಸುತ್ತಿದ್ದೆ. ಅವನಿಗೆ ಮಾತ್ರ ಸ್ಕೇಲಿನಿಂದ ತೋರಿಸುತ್ತಿದ್ದೆ. ಕ್ಲಾಸಿನಲ್ಲಿ ಇದನ್ನು ಎಲ್ಲರೂ ಗಮನಿಸಿದ್ದರಂತೆ. ಸ್ಕೇಲು ಎಷ್ಟೆಲ್ಲ ಹೇಳಿಬಿಡುತ್ತದೆ ಎಂಬುದು ನನಗೆ ಮಾತ್ರ ಗೊತ್ತಿರಲಿಲ್ಲ.

ಎರಡನೆಯ ವರ್ಷ ಮುಗಿಯುತ್ತಿರುವಾಗ ಅವನ ಅಮ್ಮ ತುಲ್ಸೀಬಾಯಿ ನಮ್ಮ ಮನೆಗೆ ಬಂದು, ಕಲ್ಲುಸಕ್ಕರೆ ಇಟ್ಟು, ನಮ್ಮ ತೆಂಗಿನಕಾಯಿ ತೆಗೆದುಕೊಂಡು ಹೋದರು. ನಿಶ್ಚಯವಾಯಿತು. ಅದು ಚಳಿಗಾಲ. ಹೋಳಿಯ ನೆನಪು ಯಾರಿಗೂ ಇರಲಿಲ್ಲ, ಅಥವಾ ಇದ್ದವರು ಬಾಯಿ ಬಿಡಲಿಲ್ಲ.

ಹೋಳಿಗೆ ಹತ್ತು ದಿನ ಇರುವಾಗ ತುಲ್ಸೀಬಾಯಿ ಮತ್ತೆ ಬಂದರು. ಈ ಸಲ ಕುಳಿತುಕೊಳ್ಳಲಿಲ್ಲ.

"ಈಶ್ವರೀ ಅದಿ, ನಿಮ್ಮ ಮನೇಲಿ ಹೋಳಿ ಮುರಿದಿದೆಯಂತೆ. ನನಗೆ ಯಾಕೆ ಹೇಳ್ಲಿಲ್ಲ?" ಸಿಟ್ಟಿನಲ್ಲೂ ಅಮ್ಮನನ್ನು ಅದಿ, ಅಕ್ಕ, ಎಂದೇ ಕರೆದರು.

ಅಮ್ಮ ನೆಲ ನೋಡಿದಳು. "ಕೇಳ್ತೀರಿ ಅಂದ್ಕೊಂಡಿದ್ದೆ."

"ನಿಶ್ಚಯ ಆದ ಮೊದಲ ಹೋಳಿಗೆ ಹೆಣ್ಣಿನ ಮನೆ ಘೀಯರ್ ಬರಬೇಕು. ಅಂಗಡೀದಲ್ಲ, ನಿಮ್ಮ ಬಾಣಲೇಲಿ ಕರಿದದ್ದು. ಬಂತು ಅಂದ್ರೆ ನಿಮ್ಮ ಹಬ್ಬ ಕೂಡಿದೆ ಅಂತ ತಿಳ್ಕೋತೀನಿ. ಬರಲಿಲ್ಲ ಅಂದ್ರೆ ಹೋಳಿ ಸಂಜೆ ನಿಮ್ಮ ತೆಂಗಿನಕಾಯಿ ವಾಪಸ್ ಬರತ್ತೆ. ನನಗಿರೋದು ಒಬ್ಬನೇ ಮಗ. ಮುರಿದ ಹಬ್ಬಾನ ಮನೆ ತುಂಬಿಸ್ಕೊಳ್ಳೋಕೆ ಆಗಲ್ಲ."

ಅವರನ್ನು ಕೆಟ್ಟವರೆಂದು ನಾನು ಬರೆಯಲಾರೆ. ಹೊರಡುವಾಗ ಅಮ್ಮನ ಜಾರಿದ ಸೆರಗನ್ನು ತಾವೇ ಹೊದಿಸಿದರು.

ಅವರು ಹೋದ ಮೇಲೆ ನಾನು ಅಟ್ಟದ ಕಡೆ ನೋಡಿದೆ. ಅಲ್ಲಿ ಟ್ರಂಕಿನ ಹಿಂದೆ, ಗೋಣಿಚೀಲ ಸುತ್ತಿದ ನಮ್ಮ ಅಗಲ ಬಾಣಲೆ ಇತ್ತು. ತಳ ಚಪ್ಪಟೆ, ಅಂಚು ಗಿಡ್ಡ. ಘೀಯರ್ ಕರಿಯಲಿಕ್ಕೆಂದೇ ಅಪ್ಪ ತಂದದ್ದು.

"ಆ ಕಡೆ ನೋಡಬೇಡ" ಎಂದಳು ಅಮ್ಮ.

"ಹಾಗಾದ್ರೆ ದಾರಿ ಏನಮ್ಮ?"

"ಮಗು ಹುಟ್ಟಬೇಕು."

"ಯಾರಿಗೆ? ಈ ಮನೇಲಿ ಇರೋದು ನೀನು, ನಾನು. ನಾನು ಹೆರಬೇಕಾದ್ರೆ ಮದುವೆ ಆಗಬೇಕು. ಮದುವೆ ಆಗಬೇಕಾದ್ರೆ ಘೀಯರ್ ಹೋಗಬೇಕು. ಘೀಯರ್ ಹೋಗಬೇಕಾದ್ರೆ ನಾನು ಹೆರಬೇಕು. ಅದೂ ಹೋಳಿ ದಿನವೇ, ಹತ್ತು ದಿನದಲ್ಲಿ."

ಪಕ್ಕದ ಕೋಣೆಯ ಕೇವಲೀ ಮಾಸಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು; ಅವರು ಯಾವಾಗಲೂ ಅಲ್ಲೇ ಇರುತ್ತಿದ್ದರು. "ಹಸು ಕರು ಹಾಕಿದ್ರೂ ನಡೆಯತ್ತೆ ಅಂತಾರೆ ಕಣೇ" ಎಂದರು.

"ತನ್ನಿ ಮಾಸಿ. ಮಂಚದ ಕೆಳಗೆ ಕಟ್ಟೋಣ."

ಮಾಸಿ ನಕ್ಕರು. ಅಮ್ಮ ನಗಲಿಲ್ಲ.

ಆ ಸಂಜೆ ರೈಲು ಹಳಿಯ ಮೇಲಿನ ಸೇತುವೆಯಲ್ಲಿ ಖೂಬು ಕಾಯುತ್ತಿದ್ದ. ಮನೆಯಲ್ಲಿ ಏನಾಗಿದೆಯೆಂದು ಅವನ ಮುಖವೇ ಹೇಳುತ್ತಿತ್ತು. ನನ್ನ ಪಕ್ಕ, ಒಂದು ಚೀಲ ಹಿಡಿಸುವಷ್ಟು ಜಾಗ ಬಿಟ್ಟು ನಿಂತ. ಯಾವಾಗಲೂ ಅಷ್ಟೇ ಜಾಗ ಬಿಡುತ್ತಿದ್ದ.

"ಕಲ್ಯಾಣದಲ್ಲಿ ನಂಗೆ ಗೊತ್ತಿರೋ ಹಲವಾಯಿ ಇದಾನೆ. ಒಳ್ಳೇ ಘೀಯರ್ ಮಾಡ್ತಾನೆ. ನಿಮ್ಮ ತಟ್ಟೇಲಿ ಹಾಕಿ ಕಳಿಸು. ಅಮ್ಮಂಗೆ ಗೊತ್ತಾಗಲ್ಲ."

"ನಿನಗೆ ಗೊತ್ತಿರತ್ತಲ್ಲ."

"ನಾನು ಬಾಯಿ ಬಿಡಲ್ಲ."

"ನಲವತ್ತು ವರ್ಷ ಬಾಯಿ ಬಿಡದೆ ನನ್ನ ಜೊತೆ ಇರ್ತೀಯಾ? ನಿಮ್ಮಮ್ಮಂಗೆ ಒಂದು ಸಲ ಜ್ವರ ಬರಲಿ, ನಿನಗೇ ಅನುಮಾನ ಬರತ್ತೆ. ಆಗ ನನ್ನ ಕಡೆ ನೋಡ್ತೀಯಲ್ಲ, ಆ ನೋಟ ನನಗೆ ಬೇಡ."

ಅವನು ಕಂಬಿ ಹಿಡಿದು ಕೆಳಗೆ ಹೋಗುವ ಲೋಕಲ್ ರೈಲನ್ನೇ ನೋಡುತ್ತ ನಿಂತ. ನನಗೆ ಸಿಟ್ಟು ಬಂದಿತ್ತು. ಆದರೂ ಅವನ ಕತ್ತಿನ ಹಿಂದೆ, ಕಾಲರಿನ ಮೇಲೆ, ಹೊಲಿಗೆ ಬಿಚ್ಚಿದ್ದನ್ನು ಕಂಡು ಸೂಜಿ ಎಲ್ಲಿದೆ ಎಂದು ಯೋಚಿಸಿದೆ. ಸಿಟ್ಟಿನ ನಡುವೆ ಸೂಜಿ ನೆನಪಾದರೆ ಅದಕ್ಕೆ ಏನೆನ್ನುತ್ತಾರೋ ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

"ಕದ್ದು ತಿಂದ ತುಂಡು ಒಂದೇ ಸಾಕು, ಖೂಬು" ಎಂದೆ. "ಈ ಸಲ ಎಲ್ಲರ ಎದುರಿಗೆ."

ಹೋಳಿಗೆ ಎರಡು ದಿನ ಮೊದಲು, ಅಮ್ಮ ಬೇಳೆ ಆರಿಸುತ್ತಿದ್ದಾಗ ಹೇಳಿದೆ: "ಅಮ್ಮ, ಹೋಳಿ ದಿನ ಬಾಣಲೆ ಇಡ್ತೀನಿ. ಬಾಗಿಲ ಮುಂದೆ, ಹಗಲು ಹೊತ್ತಲ್ಲಿ."

"ನನ್ನ ಹೆಣದ ಮೇಲೆ ಇಡು."

"ನೀನು ಬದುಕಿರುವಾಗಲೇ ಇಡ್ತೀನಿ. ಒಂದು ಹಬ್ಬ ಮುರಿದಿದ್ದೇ ಸಾಕು."

ಅವಳ ಕೈ ಮೊರದ ಮೇಲೆ ನಿಂತಿತು. ಬೇಳೆಗೇ ಹೇಳುವ ಹಾಗೆ ಹೇಳಿದಳು: "ಅವತ್ತು ಹಿಟ್ಟು ಹುಳಿ ಬಂದಿತ್ತು. ಪಾಕ ಆಗಿತ್ತು. ಪಿಸ್ತಾ ಇರಲಿಲ್ಲ. ಎದೆ ಹಿಡಿದ ಹಾಗಾಗ್ತಿದೆ, ನಾಳೆ ತರಲಾ ಅಂದ್ರು ನಿನ್ನಪ್ಪ. ಹಬ್ಬ ನಾಳೆ ಬರತ್ತಾ ಅಂದೆ ನಾನು. ಹೋದ್ರು."

ಹನ್ನೊಂದು ವರ್ಷದಲ್ಲಿ ಅವಳು ಇದನ್ನು ಯಾರಿಗೂ ಹೇಳಿರಲಿಲ್ಲ. ಅಪ್ಪ ಬಜಾರಿನಲ್ಲಿ ಬಿದ್ದರು ಎಂದಷ್ಟೇ ನನಗೆ ಗೊತ್ತಿತ್ತು. ಯಾಕೆ ಹೋಗಿದ್ದರು ಎಂದು ನಾನು ಕೇಳಿರಲಿಲ್ಲ.

ಅವಳ ಪಕ್ಕ ಕುಳಿತು ಬೇಳೆ ಆರಿಸಿದೆ.  ಒಂದು ಮಾತು ಮಾತ್ರ ಸ್ಪಷ್ಟವಾಯಿತು: ಅಮ್ಮ ಪಾಲಿಸುತ್ತಿದ್ದದ್ದು ಪದ್ಧತಿಯನ್ನಲ್ಲ, ತನಗೆ ತಾನೇ ಹಾಕಿಕೊಂಡ ಶಿಕ್ಷೆಯನ್ನು. ಅದರಲ್ಲಿ ನನಗೂ ಅರ್ಧ ಪಾಲು ಬಂದಿತ್ತು. ನಾನೇನು ತಪ್ಪು ಮಾಡಿದ್ದೆ?

ಮಾರನೆಯ ದಿನ ಮೈದಾಕ್ಕೆ ಮೊಸರು ಕಲಸಿ, ಮಡಕೆಯಲ್ಲಿ ಮುಚ್ಚಿಟ್ಟೆ. ಅಟ್ಟದಿಂದ ಬಾಣಲೆ ಇಳಿಸಿ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಅಮ್ಮ ನನ್ನೊಡನೆ ಮಾತು ಬಿಟ್ಟಳು.

ಹೋಳಿಯ ಬೆಳಿಗ್ಗೆ ಇದ್ದಿಲೊಲೆಯನ್ನು ಬಾಗಿಲ ಮುಂದೆ ತಂದಿಟ್ಟೆ. ಬ್ಯಾರಕ್ಕಿನ ಮಕ್ಕಳು ಬಣ್ಣ ಬಿಟ್ಟು ನೋಡಲು ಬಂದರು. ಅವರ ತಾಯಂದಿರು ತೋಳು ಹಿಡಿದು ಎಳೆದುಕೊಂಡು ಹೋದರು. ಕೇವಲೀ ಮಾಸಿ ಸೊಂಟಕ್ಕೆ ಕೈ ಕೊಟ್ಟು ನಿಂತರು.

"ವಿಶ್ನಿ, ಇದು ನಿನ್ನ ಮೇಲೆ ಬಂದ್ರೆ?"

"ಬರಲಿ ಮಾಸಿ. ನನ್ನ ವಿಳಾಸ ಗೊತ್ತಲ್ಲ."

ಹಾಗೆಂದೆ, ನಿಜ. ಆದರೆ ತುಪ್ಪ ಕಾಯುತ್ತಿರುವಾಗ, ಒಲೆ ಆರಿಸಿ ಒಳಗೆ ಹೋಗಿಬಿಡಲೇ ಎಂದು ಎರಡು ಸಲ ಎದ್ದು ನಿಂತೆ. ಧೈರ್ಯ ಇತ್ತೆಂದು ಸುಳ್ಳು ಬರೆಯಲಾರೆ.

ತೂತು ಕೊರೆದ ತೆಂಗಿನ ಚಿಪ್ಪಿಗೆ ಹಿಟ್ಟು ತುಂಬಿ, ಬೆರಳು ತೆಗೆದು, ಸುತ್ತು ಬಿಟ್ಟೆ. ಹಿಟ್ಟು ಸಿಡಿದು ಚೂರುಚೂರಾಗಿ ಹರಡಿತು. ಎರಡನೆಯದು ಅಂಚು ಕರಕಲಾಗಿ, ಎತ್ತುವಾಗ ನಡುವೆ ಮುರಿಯಿತು. ಮೂರನೆಯದೂ ಹಾಗೆಯೇ. ಕೇವಲೀ ಮಾಸಿ "ನೋಡಿದ್ಯಾ" ಎಂಬಂತೆ ತಲೆ ಆಡಿಸಿದರು. ಕಣ್ಣು ಉರಿಯುತ್ತಿತ್ತು. ಹೊಗೆ ಎಂದುಕೊಂಡೆ.

ಒಳಗೆ ಅಮ್ಮ ಗೋಡೆಗೆ ಮುಖ ಮಾಡಿ ಮಂಚದ ಮೇಲೆ ಕುಳಿತಿದ್ದಳು. ನನಗೆ ಬೆನ್ನು ಮಾತ್ರ ಕಾಣುತ್ತಿತ್ತು. ನಾಲ್ಕನೆಯದಕ್ಕೆ ಚಿಪ್ಪು ಎತ್ತಿದಾಗ ಆ ಬೆನ್ನು ಮಾತಾಡಿತು.

"ತುಪ್ಪ ಕೂಗ್ತಿದೆ. ಪಿಸುಗುಡಬೇಕು ಅದು."

ನಾನು ಕೆಂಡ ಹಿಂದಕ್ಕೆಳೆದೆ. ತುಪ್ಪದ ಸದ್ದು ಇಳಿಯಿತು.

"ಹಿಟ್ಟು ನೀರಾಗಿದೆ. ಬೀಳೋ ಸದ್ದಲ್ಲೇ ಗೊತ್ತಾಗತ್ತೆ. ಒಂದು ಹಿಡಿ ಮೈದಾ ಹಾಕು."

ಹಾಕಿದೆ. ಈ ಸಲ ಚಿಪ್ಪಿನಿಂದ ದಾರದ ಹಾಗೆ ಇಳಿದ ಹಿಟ್ಟು, ಸುತ್ತಿನ ಮೇಲೆ ಸುತ್ತಾಗಿ, ಊಟದ ತಟ್ಟೆಯಷ್ಟು ಅಗಲ ನಿಂತಿತು. ನಾನು ಉಸಿರು ಬಿಡಲಿಲ್ಲ. ಎರಡು ಕಡ್ಡಿಯಿಂದ ಎತ್ತಿ ಪಾಕಕ್ಕಿಟ್ಟೆ. ಒಡೆಯಲಿಲ್ಲ.

"ಅಮ್ಮ, ಬಂತು" ಎಂದೆ.

 ಅವಳು ತಿರುಗಿ ನೋಡಲಿಲ್ಲ.

ಐದು ಘೀಯರ್ ಆದವು. ಒಂದನ್ನು ಮನೆಯಲ್ಲಿ ಬುಟ್ಟಿ ಮುಚ್ಚಿಟ್ಟು, ನಾಲ್ಕನ್ನು ತಟ್ಟೆಗಿಟ್ಟು ಬಟ್ಟೆ ಹೊದಿಸಿದೆ. ಪಿಸ್ತಾ ಹಾಕಲಿಲ್ಲ, ತಂದಿರಲೇ ಇಲ್ಲ. ಉಳಿದದ್ದೆಲ್ಲ ಮೀರಿದೆ, ಅಪ್ಪ ತರಲಾಗದ್ದನ್ನು ಹಾಕಲು ಮಾತ್ರ ಮನಸ್ಸು ಬರಲಿಲ್ಲ.

ಘೀಯರ್ ಹೊತ್ತು ಹೋಗುವವರು ಹೆಣ್ಣಿನ ಅಪ್ಪ, ಇಲ್ಲವೇ ಅಣ್ಣ. ಮದುಮಗಳಾಗುವವಳು ತನ್ನ ಘೀಯರ್ ತಾನೇ ಹೊತ್ತು ಬೀದಿಯಲ್ಲಿ ಹೋದದ್ದನ್ನು ಯಾರೂ ಕಂಡಿರಲಿಲ್ಲ. ನಾನು ಹೋದೆ. ದಾರಿಯುದ್ದಕ್ಕೂ ಬಣ್ಣ ಎರಚುತ್ತಿದ್ದವರು ನನ್ನನ್ನು ಕಂಡು ಕೈ ತಡೆದರು. ಹನ್ನೊಂದು ವರ್ಷದಿಂದ ತಡೆದ ಕೈಗಳು ಅವು.

ಸೇತುವೆಯ ಮೇಲೆ ಖೂಬು ನಿಂತಿದ್ದ. ತಟ್ಟೆಗೆ ಕೈ ಚಾಚಿದ.

"ಬೇಡ. ನೀನು ಒಂದು ಸಲ ಹೊತ್ತಿದ್ದೆ, ತಪ್ಪು ಬಾಗಿಲು ಬಡಿದೆ."

"ಅದೊಂದೇ ಬಾಗಿಲು ನಾನು ಸರಿಯಾಗಿ ಬಡಿದದ್ದು." ಆಮೇಲೆ ತಗ್ಗಿದ ದನಿಯಲ್ಲಿ, "ಹಲವಾಯಿ ಮಾತು ಆಡಬಾರದಿತ್ತು. ನಿನ್ನ ಕಳ್ಕೋತೀನಿ ಅಂತ ಭಯ ಆಯ್ತು, ವಿಶ್ನಿ. ಈಗ್ಲೂ ಇದೆ."

"ನನಗೂ ಇದೆ. ಪಕ್ಕದಲ್ಲಿ ನಡಿ."

ಅವನು ನಡೆಯಲಿಲ್ಲ. ಜೇಬಿನಿಂದ ಬಣ್ಣದ ಪೊಟ್ಟಣ ತೆಗೆದು, ಕೇಳಿದ: "ಹಾಕಲಾ?"

ನನ್ನ ಎರಡೂ ಕೈ ತಟ್ಟೆಯ ಕೆಳಗಿದ್ದವು. ಬೇಡವೆನ್ನಲು ಬಾಯಿ ಇತ್ತು, ಅನ್ನಲಿಲ್ಲ. ಅವನು ಒಂದೇ ಬೆರಳಿನಲ್ಲಿ, ಆ ಟೈಪಿಂಗ್ ಬೆರಳಿನಲ್ಲಿ, ನನ್ನ ಎಡಗಿವಿಗೆ ಹಸಿರು ಹಚ್ಚಿದ. ಕಿವಿಯ ಅಂಚಿನಿಂದ ಹಾಲೆಯವರೆಗೆ, ಆತುರವಿಲ್ಲದೆ. ಕೆಳಗೆ ರೈಲು ಹೋಯಿತು. ಸೇತುವೆ ನಡುಗಿತೋ ನಾನು ನಡುಗಿದೆನೋ. ಅಲ್ಲಿಂದ ಮುಂದೆ ಅವನು ನಡುವೆ ಚೀಲದಷ್ಟು ಜಾಗ ಬಿಡಲಿಲ್ಲ.

ತುಲ್ಸೀಬಾಯಿ ಬಾಗಿಲಲ್ಲೇ ಇದ್ದರು. ಅವರ ಹಿಂದೆ, ಸ್ಟೂಲಿನ ಮೇಲೆ, ನಮ್ಮ ತೆಂಗಿನಕಾಯಿ ಸಿದ್ಧವಾಗಿತ್ತು.

"ಯಾರ ಬಾಣಲೆ?"

"ನಮ್ಮದೇ, ಮಾಸಿ."

"ಹಬ್ಬ ಕೂಡಿತಾ? ಮಗು ಹುಟ್ತಾ?"

"ಇಲ್ಲ. ಮುರಿದಿರೋ ಹಬ್ಬಕ್ಕೇ ನಾನು ಬಾಣಲೆ ಇಟ್ಟೆ. ನಿಮಗೆ ಸುಳ್ಳು ಹೇಳಲ್ಲ. ನನ್ನ ಅಪ್ಪ ಹೋದದ್ದು ಎದೆ ನೋವಿಂದ, ಘೀಯರ್‌ನಿಂದ ಅಲ್ಲ. ಮಗು ಹುಟ್ಟೋವರೆಗೂ ಕಾಯಿ ಅಂದ್ರೆ ಕಾಯಲ್ಲ. ಇದನ್ನ ತಗೊಂಡ್ರೆ ಒಳಗೆ ಬರ್ತೀನಿ. ತಗೊಳ್ಳದಿದ್ರೆ ತೆಂಗಿನಕಾಯಿ ಕೊಡಿ, ನಾನೇ ಹೊತ್ಕೊಂಡು ಹೋಗ್ತೀನಿ. ನೀವು ಕಳಿಸೋದು ಬೇಡ."

"ನನ್ನ ಮಗನಿಗೆ ಏನಾದ್ರೂ ಆದ್ರೆ?"

 ಆಗ ಪಕ್ಕದಿಂದ ಒಂದು ಕೈ ಬಂದು ಬಟ್ಟೆ ಸರಿಸಿತು. ಚಟ್ಟನೆ ಸದ್ದಾಯಿತು. ಖೂಬು ಅಂಚು ಮುರಿದು ಬಾಯಿಗಿಟ್ಟುಕೊಂಡಿದ್ದ.

ತುಲ್ಸೀಬಾಯಿ ಅವನ ದವಡೆಯನ್ನೇ ನೋಡುತ್ತಿದ್ದರು. ನಾನೂ. ಅವನು ನಿಧಾನವಾಗಿ ಅಗಿದ, ನುಂಗಿದ, ಎದೆಯ ಮೇಲೆ ಕೈಯಿಟ್ಟುಕೊಂಡ.

"ಅಮ್ಮ, ನೀರು."

ಅವರ ಮುಖ ಬಿಳಿಚಿತು. ಓಡಿಹೋಗಿ ಚೊಂಬು ತಂದರು. ಅವನು ಗಟಗಟ ಕುಡಿದು ಬಾಯಿ ಒರೆಸಿಕೊಂಡ.

"ಪಾಕ ಸ್ವಲ್ಪ ಗಟ್ಟಿ ಆಗಿದೆ. ಗಂಟಲಿಗೆ ಅಂಟ್ಕೊಂಡಿತ್ತು."

ಹೆಗಲ ಮೇಲಿದ್ದ ಟವೆಲ್ಲಿನಿಂದ ಅವರು ಅವನಿಗೆ ಎರಡು ಬಾರಿಸಿದರು. ಬಾರಿಸುತ್ತ ಅಳುತ್ತಿದ್ದರು. ಆಮೇಲೆ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು, ಬಾಗಿ ನೋಡಿ, "ಪಿಸ್ತಾನೇ ಇಲ್ವಲ್ಲ" ಎಂದರು.

"ನಮ್ಮ ಮನೆ ಘೀಯರ್‌ಗೆ ಪಿಸ್ತಾ ಹಾಕಲ್ಲ, ಮಾಸಿ."

ಅವರು ಘೀಯರ್ ಒಳಗಿಟ್ಟು, ಖಾಲಿ ತಟ್ಟೆ ಹಿಂದಿರುಗಿಸಬಾರದೆಂದು ಅದರಲ್ಲಿ ಕಲ್ಲುಸಕ್ಕರೆ ತುಂಬಿಸಿದರು. ತೆಂಗಿನಕಾಯಿಯನ್ನು ಸ್ಟೂಲಿನಿಂದ ಎತ್ತಿ ದೇವರ ಮುಂದೆ ಇಟ್ಟರು.

ನಮ್ಮ ಮದುವೆ ವೈಶಾಖದಲ್ಲಾಯಿತು. ಮಕ್ಕಳಿಬ್ಬರು; ಒಬ್ಬಳು ಆಷಾಢದಲ್ಲಿ, ಒಬ್ಬ ಮಾಘದಲ್ಲಿ. ಹೋಳಿಯ ದಿನ ಯಾರೂ ಹುಟ್ಟಲಿಲ್ಲ. ಪ್ರತಿ ಹೋಳಿಗೂ ನಾನು ಅದೇ ಬಾಣಲೆಯಲ್ಲಿ ಘೀಯರ್ ಕರಿಯುತ್ತೇನೆ, ಪಿಸ್ತಾ ಹಾಕದೆ. ಖೂಬು ಇವತ್ತಿಗೂ ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಾನೆ. ಅವನಿಗೆ ಏನೂ ಆಗಿಲ್ಲ, ಎದೆ ಮುಟ್ಟಿ ಹೇಳುತ್ತೇನೆ.

ಆದರೆ ಒಂದು ವಿಷಯ ನನಗೆ ಗೊತ್ತಿಲ್ಲ, ಅದನ್ನು ಒಪ್ಪಿಕೊಂಡು ಮುಗಿಸುತ್ತೇನೆ.

ಆ ದಿನ ಕಲ್ಲುಸಕ್ಕರೆಯ ತಟ್ಟೆ ಹಿಡಿದು ಮನೆಗೆ ಬಂದಾಗ ಅಮ್ಮ ಅದೇ ಮಂಚದ ಮೇಲೆ, ಅದೇ ಗೋಡೆ ನೋಡುತ್ತ ಕುಳಿತಿದ್ದಳು. ತಟ್ಟೆ ನೋಡಿದಳು, ನನ್ನ ಕಿವಿ ನೋಡಿದಳು. "ಕಿವಿ ತೊಳ್ಕೋ" ಎಂದಳು. ನಾನು ಬುಟ್ಟಿ ಎತ್ತಿದೆ. ಒಳಗಿಟ್ಟಿದ್ದ ಘೀಯರ್‌ನ ಅಂಚಿನಲ್ಲಿ ಕೈಯಗಲದ ತುಂಡು ಇರಲಿಲ್ಲ.

"ಅಮ್ಮ?"

"ಇಲಿ ತಿಂದಿರಬೇಕು" ಎಂದಳು ಗೋಡೆಗೆ.

ನಿಜವಾಗಿಯೂ ಇಲಿಯೇ ಇದ್ದೀತು. ಬ್ಯಾರಕ್ಕಿನಲ್ಲಿ ಇಲಿಗಳಿಗೇನು ಕಡಿಮೆ. ಆದರೆ ಎರಡು ವರ್ಷದ ಹಿಂದೆ, ಅವಳು ಬಾಗಿಲು ಹಾಕಿಕೊಂಡ ಆ ಬೆಳಿಗ್ಗೆ, ಬಾಗಿಲ ಹಿಂದೆಯೇ ನಿಂತಿದ್ದಳೋ, ನಾನು ಆ ಇಲಿಯ ಮಾತು ಆಡಿದ್ದನ್ನು ಕೇಳಿಸಿಕೊಂಡಿದ್ದಳೋ, ಅಂದಿನಿಂದ ಎಲ್ಲ ತಿಳಿದೂ ಸುಮ್ಮನಿದ್ದಳೋ, ನನಗೆ ಗೊತ್ತಿಲ್ಲ.